ಟರ್ಬೊ ಬದುಕುವುದು ಎಣ್ಣೆಯ ಮೇಲೆ

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲುವ ಟ್ಯಾಕ್ಸಿಗಳನ್ನು ಸ್ವಲ್ಪ ಗಮನಿಸಿ. ಪ್ರಯಾಣಿಕರು ಆಗಲೇ ನೀರುದೋಸೆಯ ಹೋಟೆಲಿನೊಳಗೆ ಹೊಕ್ಕಿರುತ್ತಾರೆ. ಚಾಲಕ ಮಾತ್ರ ಸೀಟು ಬಿಟ್ಟಿರುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ‘ಆಫ್ ಮಾಡು ಮಾರಾಯ, ಡೀಸೆಲ್ ಸುಮ್ಮನೆ ಹೋಗ್ತಾ ಉಂಟಲ್ಲ’ ಎಂದು ಹಿರಿಯರೊಬ್ಬರು ಗೊಣಗಿದರೆ, ‘ಒಂದು ನಿಮಿಷ ಇರ್ಲಿ ಸಾರ್, ಟರ್ಬೊ ಗಾಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾಕೆ ಎಂದು ಕೇಳಿದರೆ ಅನೇಕರಿಗೆ ಗೊತ್ತಿಲ್ಲ. ಗಾಡಿ ಕಲಿಸಿದವರು ಹಾಗೆ ಹೇಳಿದ್ದರು, ಅಷ್ಟೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೂ ಇದೇ ದೃಶ್ಯ ಕಾಣಸಿಗುತ್ತದೆ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಒಂದು ಗಂಟೆ ತೆವಳಿ ಬಂದವರು, ಯಾರೋ ಹೇಳಿದ್ದನ್ನು ನಂಬಿ, ಪಾರ್ಕ್ ಮಾಡಿದ ಮೇಲೂ ಎರಡು ನಿಮಿಷ ಎಂಜಿನ್ ಓಡಿಸುತ್ತ ಮೊಬೈಲ್ ನೋಡುತ್ತ ಕೂರುತ್ತಾರೆ. ಕೊಟ್ಟಿಗೆಹಾರದ ಚಾಲಕ ಮಾಡುವುದು ಸರಿ. ಬೇಸ್‌ಮೆಂಟಿನವರು ಸುಮ್ಮನೆ ಪೆಟ್ರೋಲ್ ಸುಡುತ್ತಾರೆ. ಒಂದೇ ಅಭ್ಯಾಸ ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ವ್ಯರ್ಥವಾಗುವುದು ಹೇಗೆಂದು ತಿಳಿದುಕೊಂಡರೆ ಟರ್ಬೊ ಕಾರಿನ ಆರೈಕೆಯ ಮುಕ್ಕಾಲು ಪಾಲು ತಿಳಿದಂತೆಯೇ.

ಇಪ್ಪತ್ತು ವರ್ಷದ ಹಿಂದೆ ನಮ್ಮಲ್ಲಿ ಟರ್ಬೊ ಎಂದರೆ ಲಾರಿ, ಜೀಪು, ಡೀಸೆಲ್ ಟ್ಯಾಕ್ಸಿಗಳವರ ಮಾತು. ಅದನ್ನು ಮನೆಮನೆಯ ಕಾರಿಗೆ ತಂದದ್ದರಲ್ಲಿ ತೆರಿಗೆಯ ಪಾತ್ರ ದೊಡ್ಡದು. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯೊಳಗಿನ ಎಂಜಿನ್ ಇದ್ದ ಕಾರಿಗೆ ಸುಂಕ ಇಳಿಸಿದರು. ಎಂಜಿನ್ ಚಿಕ್ಕದಿರಬೇಕು, ಪಿಕಪ್ ದೊಡ್ಡದಿರಬೇಕು ಎಂದರೆ ಟರ್ಬೊ ಬಿಟ್ಟು ಬೇರೆ ದಾರಿ ಕಡಿಮೆ. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂತು. 2013ರಲ್ಲಿ ಇಕೋಸ್ಪೋರ್ಟ್ ಒಂದೇ ಲೀಟರಿನ ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್ ಹೊತ್ತು ಬಂತು. ಆಮೇಲೆ ನೆಕ್ಸಾನ್, ವೆನ್ಯೂ, ಕೈಗರ್, ಫ್ರಾಂಕ್ಸ್ ಸಾಲುಗಟ್ಟಿದವು. 2020ರ ಏಪ್ರಿಲಿನಲ್ಲಿ ಹೊಗೆ ಮಾಲಿನ್ಯಕ್ಕೆ ಕಡಿವಾಣ ಹಾಕುವ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು, ಪೆಟ್ರೋಲ್ ಟರ್ಬೊಗೆ ಇನ್ನಷ್ಟು ಜಾಗ ಸಿಕ್ಕಿತು. ಈಗ ಶೋರೂಮಿನಿಂದ ಹೊರಬೀಳುವ ಚಿಕ್ಕ ಎಸ್‌ಯುವಿಯ ಬಾನೆಟ್ಟಿನಡಿ ಲೀಟರಿಗೆ ನೂರು ಅಶ್ವಶಕ್ತಿ ಕೊಡುವ ಎಂಜಿನ್ ಇರುವುದು ಸಾಮಾನ್ಯ. ಅದನ್ನು ಓಡಿಸುವವರು ಮಾತ್ರ ಹಿಂದಿನ ಆಲ್ಟೊ, ಸ್ಯಾಂಟ್ರೊಗಳ ಅಭ್ಯಾಸವನ್ನೇ ಜತೆಗೆ ತಂದಿರುತ್ತಾರೆ.

ಯಂತ್ರ ಸರಳ. ಒಂದು ದಂಡ, ಅದರ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿನಿಂದ ಹೊರಬರುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಸುಮ್ಮನೆ ಸೈಲೆನ್ಸರಿನಿಂದ ಹೋಗಿಬಿಡುವ ಬಿಸಿಯನ್ನು ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದ. ಅದು ಮೊದಲು ಬೇಕಾದದ್ದು ವಿಮಾನಗಳಿಗೆ, ಯಾಕೆಂದರೆ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ವಿಮಾನದ ಎಂಜಿನ್ನನ್ನು ಹೊತ್ತೊಯ್ದು ಟರ್ಬೊ ಕೂರಿಸಿ ಪರೀಕ್ಷೆ ಮಾಡಿದ. ಎರಡನೇ ಮಹಾಯುದ್ಧದ ಲಿಬರೇಟರ್ ಬಾಂಬರುಗಳಲ್ಲಿ ಇದ್ದದ್ದು ಇದೇ ವಂಶದ ಟರ್ಬೊ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರುಗಳನ್ನು ರಿಪೇರಿ ಮಾಡಿ ನಮ್ಮ ವಾಯುಪಡೆಗೆ ಒಪ್ಪಿಸಿದ್ದು ಬೆಂಗಳೂರಿನ ಎಚ್‌ಎಎಲ್. ನಮ್ಮೂರಿನ ಮೆಕ್ಯಾನಿಕ್‌ಗಳ ಕೈಗೆ ಟರ್ಬೊ ಬಹಳ ಹಳೆಯ ಪರಿಚಯ ಎಂದಾಯಿತು. ಎತ್ತರದ ಲೆಕ್ಕ ಈಗಲೂ ನಿಜ. ಟರ್ಬೊ ಇಲ್ಲದ ಕಾರು ಮಂಗಳೂರಿನಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಬರುವಷ್ಟರಲ್ಲಿ ಶಕ್ತಿಯ ಹತ್ತರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ. ಟರ್ಬೊ ಕಾರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ.

ಸರಳ ಯಂತ್ರವೇನೋ ಸರಿ, ಅದರ ಮೇಲೆ ಬೀಳುವ ಒತ್ತಡ ಭಯಂಕರ. ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಚಿಕ್ಕ ಕಾರಿನ ಟರ್ಬೊ ದಂಡ ಒಂದೂವರೆ, ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿರಬಹುದು. ಹೊಗೆಯ ಕಡೆಯ ಚಕ್ರಕ್ಕೆ ಪೆಟ್ರೋಲ್ ಎಂಜಿನ್ನಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗುತ್ತದೆ. ಡೀಸೆಲಿನಲ್ಲಿ ಅದು ನೂರು ಇನ್ನೂರು ಡಿಗ್ರಿ ಕಡಿಮೆ. ಕತ್ತಲಲ್ಲಿ ನೋಡಿದರೆ ಕಬ್ಬಿಣ ಕೆಂಪಗೆ ಕಾಣುವಷ್ಟು ಬಿಸಿ ಅದು. ಅಷ್ಟು ವೇಗದಲ್ಲಿ ತಿರುಗುವ ದಂಡಕ್ಕೆ ಹೆಚ್ಚಿನ ಕಾರುಗಳಲ್ಲಿ ಬಾಲ್ ಬೇರಿಂಗ್ ಕೂಡ ಇರುವುದಿಲ್ಲ. ಹಿತ್ತಾಳೆಯಂಥ ಲೋಹದ ಬುಶ್ಶಿನೊಳಗೆ, ಕೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ಅದು ತೇಲುತ್ತಿರುತ್ತದೆ. ಲೋಹಕ್ಕೆ ಲೋಹ ಮುಟ್ಟಬಾರದು. ಮುಟ್ಟಿದರೆ ಕೆಲವೇ ಸೆಕೆಂಡಿನಲ್ಲಿ ಗೀರು ಬೀಳುತ್ತದೆ, ದಂಡ ಓಲಾಡುತ್ತದೆ, ಚಕ್ರದ ರೆಕ್ಕೆ ಗೂಡಿಗೆ ಉಜ್ಜುತ್ತದೆ.

ಆ ಎಣ್ಣೆ ಬರುವುದು ಎಂಜಿನ್ನಿನ ಎಣ್ಣೆಯಿಂದಲೇ, ಪೆನ್ಸಿಲಿಗಿಂತ ತೆಳ್ಳಗಿನ ಒಂದು ಕೊಳವೆಯಲ್ಲಿ. ಎಂಜಿನ್ ಆಫ್ ಆದರೆ ಆಯಿಲ್ ಪಂಪೂ ನಿಂತಿತು, ಹರಿವೂ ನಿಂತಿತು. ಘಾಟಿ ಹತ್ತಿ ಬಂದ ಕೂಡಲೇ ಕೀ ತಿರುಗಿಸಿದರೆ ಏನಾಗುತ್ತದೆ ಎಂದು ಈಗ ಊಹಿಸಬಹುದು. ಕಾದು ಕೆಂಪಾದ ಚಕ್ರದ ಬಿಸಿ ದಂಡದ ಗುಂಟ ಬೇರಿಂಗಿನತ್ತ ಹರಿಯುತ್ತದೆ. ಅಲ್ಲಿ ನಿಂತ ಎಣ್ಣೆ ಹರಿದು ಹೋಗುವಂತಿಲ್ಲ, ತಣಿಯುವಂತೆಯೂ ಇಲ್ಲ, ಬೆಂದು ಕರಕಲಾಗುತ್ತದೆ. ದೋಸೆ ಕಾವಲಿಯ ಅಂಚಿನಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಕಪ್ಪು ಜಿಡ್ಡನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಸಲಕ್ಕೆ ಏನೂ ಆಗದು. ಪ್ರತಿ ವಾರ ಘಾಟಿ ಹತ್ತುವ ಗಾಡಿಯಲ್ಲಿ ಪದರದ ಮೇಲೆ ಪದರ ಕೂತು, ಮೊದಲೇ ತೆಳ್ಳಗಿರುವ ಎಣ್ಣೆಯ ದಾರಿ ಇನ್ನೂ ಕಿರಿದಾಗುತ್ತದೆ.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಇದಕ್ಕೆ ಗಡಿಯಾರದ ಉತ್ತರ ಕೊಡುವವರು ಪ್ರಶ್ನೆಯನ್ನೇ ಅರ್ಥ ಮಾಡಿಕೊಂಡಿಲ್ಲ ಎನ್ನಿಸುತ್ತದೆ. ನಿಲ್ಲಿಸುವ ಮುಂಚಿನ ಐದು ನಿಮಿಷ ಹೇಗೆ ಓಡಿಸಿದಿರಿ ಎಂಬುದೇ ಮುಖ್ಯ. ಊರೊಳಗೆ ಬಂದು, ಹಂಪ್ ದಾಟಿ, ಎರಡನೇ ಗೇರಿನಲ್ಲಿ ಮನೆ ಬೀದಿ ಹಾಯ್ದು ಬಂದ ಕಾರಿನ ಟರ್ಬೊ ಆಗಲೇ ತಣ್ಣಗಾಗಿರುತ್ತದೆ. ಅದನ್ನು ತಕ್ಷಣ ಆಫ್ ಮಾಡಬಹುದು. ಕಾಯಬೇಕಾಗುವುದು ಎರಡೇ ಬಗೆಯ ಸಂದರ್ಭದಲ್ಲಿ. ಒಂದು, ಶಿರಾಡಿಯನ್ನೋ ಆಗುಂಬೆಯನ್ನೋ ಹತ್ತಿ ನೇರ ಚಹಾ ಅಂಗಡಿಗೆ ಬಂದಾಗ. ಇನ್ನೊಂದು, ಬೆಂಗಳೂರು–ಮೈಸೂರು ರಸ್ತೆಯಂಥ ಕಡೆ ನೂರರ ವೇಗದಲ್ಲಿ ಬಂದು ನೇರ ಹೋಟೆಲಿನ ಅಂಗಳಕ್ಕೋ ಪೆಟ್ರೋಲ್ ಬಂಕಿಗೋ ತಿರುಗಿದಾಗ. ಬಂಕಿನಲ್ಲಂತೂ ಎಂಜಿನ್ ಓಡಿಸಿಕೊಂಡು ಕೂರುವಂತಿಲ್ಲ. ಆದ್ದರಿಂದ ಬಂಕು ಕಾಣುವ ಎರಡು ಮೂರು ಕಿಲೋಮೀಟರ್ ಮೊದಲೇ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ನಿಧಾನಕ್ಕೆ ಬರುವುದೇ ಜಾಣತನ. ಓಡುವ ಗಾಡಿಗೆ ಎದುರುಗಾಳಿಯೂ ಸಿಗುತ್ತದೆ, ನಿಂತು ಐಡಲ್ ಮಾಡುವುದಕ್ಕಿಂತ ಹಾಗೆ ತಣಿಸುವುದು ಒಳ್ಳೆಯದು. ಘಾಟಿಯ ತುದಿಯಲ್ಲೇ ನಿಲ್ಲಬೇಕಾಗಿ ಬಂದರೆ ಒಂದು ನಿಮಿಷ, ಬಹಳ ಎಂದರೆ ಎರಡು ನಿಮಿಷ ಎಂಜಿನ್ ಓಡಲಿ.

ಕಂಪನಿಗಳೂ ಸುಮ್ಮನೆ ಕೂತಿಲ್ಲ. ಇತ್ತೀಚಿನ ಪೆಟ್ರೋಲ್ ಟರ್ಬೊಗಳ ಬೇರಿಂಗಿನ ಸುತ್ತ ಕೂಲೆಂಟ್ ಹರಿಯುವ ವ್ಯವಸ್ಥೆ ಇದೆ. ಎಂಜಿನ್ ನಿಂತ ಮೇಲೂ ಬಿಸಿ ನೀರು ಮೇಲೇರಿ ತಣ್ಣೀರು ಆ ಜಾಗಕ್ಕೆ ತಾನಾಗಿ ಬರುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೆಂದೇ ಚಿಕ್ಕ ಎಲೆಕ್ಟ್ರಿಕ್ ಪಂಪ್ ಇರುತ್ತದೆ. ಕೀ ತೆಗೆದು ಬಾಗಿಲು ಹಾಕಿದ ಮೇಲೂ ಬಾನೆಟ್ಟಿನೊಳಗಿಂದ ಗುಂಯ್ ಎನ್ನುವ ಸದ್ದು, ಫ್ಯಾನಿನ ಸದ್ದು ಕೇಳಿ ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಫೋನ್ ಮಾಡುವವರಿದ್ದಾರೆ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿರುತ್ತದೆ, ಬಿಡಿ.

ಓಡಿಸುವವರನ್ನು ನಂಬಿ ಕೆಟ್ಟ ಕಾರಿನ ಕತೆಯೊಂದಿದೆ. 1962ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಜನಸಾಮಾನ್ಯರಿಗೆಂದು ಎರಡು ಟರ್ಬೊ ಕಾರು ತಂದಿತು. ಒಂದು ಕಾರ್ವೇರ್, ಇನ್ನೊಂದು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಜೆಟ್‌ಫೈರಿನ ಎಂಜಿನ್ ನಾಕ್ ಆಗದಿರಲೆಂದು, ಅಂದರೆ ಇಂಧನ ಹದತಪ್ಪಿ ಹೊತ್ತಿ ಸಿಲಿಂಡರಿನೊಳಗೆ ಬಡಿಯದಿರಲೆಂದು, ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸುವ ಏರ್ಪಾಡು ಮಾಡಿದ್ದರು. ಆ ದ್ರವಕ್ಕೆ ಬೇರೆಯೇ ಟ್ಯಾಂಕು, ಮಾಲೀಕರು ಆಗಾಗ ತುಂಬಿಸಬೇಕು. ಜನ ತುಂಬಿಸಲಿಲ್ಲ. ಟ್ಯಾಂಕು ಬರಿದಾದಾಗ ಟರ್ಬೊದ ಒತ್ತಡ ತಾನಾಗಿ ಇಳಿಯುತ್ತಿತ್ತು, ಕಾರು ಓಡುತ್ತಿಲ್ಲ ಎಂದು ದೂರು ಬರುತ್ತಿತ್ತು. ಎರಡೇ ವರ್ಷಕ್ಕೆ ಜೆಟ್‌ಫೈರ್ ನಿಂತಿತು. ಎಷ್ಟೋ ಮಾಲೀಕರ ಕಾರಿನಿಂದ ಟರ್ಬೊವನ್ನೇ ಕಿತ್ತು ಸಾದಾ ಕಾರ್ಬ್ಯುರೇಟರ್ ಕೂರಿಸಿಕೊಟ್ಟರು. ಅಂದಿನಿಂದ ಕಂಪನಿಗಳು ಮಾಲೀಕರ ಕೈಗೆ ಆದಷ್ಟು ಕಡಿಮೆ ಕೆಲಸ ಬಿಡುತ್ತ ಬಂದಿವೆ. ಆದರೂ ಮೂರು ನಾಲ್ಕು ಕೆಲಸ ನಮ್ಮ ಕೈಯಲ್ಲೇ ಉಳಿದಿವೆ.

ಬೆಳಗಿನ ಸ್ಟಾರ್ಟ್ ಅದರಲ್ಲೊಂದು. ರಾತ್ರಿಯೆಲ್ಲ ನಿಂತ ಕಾರಿನ ಎಣ್ಣೆ ತಳದ ಸಂಪಿಗೆ ಇಳಿದು ಮಂದವಾಗಿರುತ್ತದೆ. ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡಿನಲ್ಲಿ ಅದು ಟರ್ಬೊ ತಲುಪುತ್ತದೆ. ಸೀಟ್‌ಬೆಲ್ಟ್ ಹಾಕಿ ಕನ್ನಡಿ ಸರಿಮಾಡಿಕೊಳ್ಳುವಷ್ಟು ಸಮಯ ಸಾಕು. ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವ ಹಳೆಯ ಪದ್ಧತಿ ಬೇಡ. ನಿಂತ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಮೆಲ್ಲಗೆ ಓಡಿಸಿದರೆ ಬೇಗ ಆಗುತ್ತದೆ. ತೊಂದರೆ ಇರುವುದು ಅಪಾರ್ಟ್‌ಮೆಂಟಿನ ರ್‍ಯಾಂಪಿನಲ್ಲಿ. ಬೇಸ್‌ಮೆಂಟಿನಿಂದ ಎಬ್ಬಿಸಿದ ತಣ್ಣನೆಯ ಕಾರು ಮೊದಲ ಅರ್ಧ ನಿಮಿಷದಲ್ಲೇ ಕಡಿದಾದ ಏರು ಹತ್ತಬೇಕು. ಅಲ್ಲಿ ಮೊದಲ ಗೇರಿನಲ್ಲಿ ಹದವಾಗಿ ಹತ್ತಿಸಿ, ಭರ್ರೆಂದು ಆಕ್ಸಿಲರೇಟರ್ ತುಳಿಯಬೇಡಿ. ಇನ್ನೊಂದು ವಿಷಯ, ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು. ಎಣ್ಣೆ ಆ ಮಟ್ಟ ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಳ್ಳು ನಡುವೆ ಬಂದ ಮೇಲೂ ನಾಲ್ಕೈದು ಕಿಲೋಮೀಟರ್ ಸಮಾಧಾನದಿಂದ ಓಡಿಸಿ.

ನನ್ನ ಅನುಮಾನದಲ್ಲಿ, ನಮ್ಮವರ ಕೈಯಲ್ಲಿ ಪೆಟ್ರೋಲ್ ಟರ್ಬೊಗೆ ಹೆಚ್ಚು ಪೆಟ್ಟು ಬೀಳುವುದು ವೇಗದಿಂದ ಅಲ್ಲ, ಮೈಲೇಜಿನ ಆಸೆಯಿಂದ. ನಲವತ್ತರ ವೇಗಕ್ಕೆ ಐದನೇ ಗೇರು, ಹಂಪ್ ಬಂದರೂ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿ ಎಳೆಸುವುದು. ಎಂಜಿನ್ನು 1200 ಸುತ್ತಿನಲ್ಲಿ ಏದುಸಿರು ಬಿಡುತ್ತಿರುತ್ತದೆ, ಗಾಡಿ ನಡುಗುತ್ತದೆ, ಓಡಿಸುವವರಿಗೆ ಮಾತ್ರ ಪೆಟ್ರೋಲ್ ಉಳಿಸಿದ ಸಮಾಧಾನ. ಆಲ್ಟೊದಲ್ಲಿ ಇದು ನಡೆಯುತ್ತಿತ್ತು. ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಚಿಕ್ಕ ಟರ್ಬೊ ಎಂಜಿನ್ನಿನಲ್ಲಿ, ಸುತ್ತು ಕಡಿಮೆ ಇದ್ದು ಹೊರೆ ಹೆಚ್ಚಿದ್ದಾಗ, ಎಣ್ಣೆಯ ಹನಿಯೊಂದು ಅಥವಾ ಮಸಿಯ ಚೂರೊಂದು ಸ್ಪಾರ್ಕಿಗೆ ಮುನ್ನವೇ ಹೊತ್ತಿಕೊಳ್ಳುವುದುಂಟು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟ. ಮಾಮೂಲು ನಾಕ್‌ಗಿಂತ ಎಷ್ಟೋ ಪಾಲು ಜೋರಾದ ಈ ಹೊಡೆತಕ್ಕೆ ಪಿಸ್ಟನ್ನಿನ ರಿಂಗು ಕೂರುವ ಅಂಚೇ ಒಡೆದುಹೋಗಬಹುದು. ಎಂಜಿನಿಯರುಗಳಿಗೆ ಇದು ದೊಡ್ಡ ತಲೆನೋವಾಗಿತ್ತು. ಎಣ್ಣೆಗೆ ಬೆರೆಸುವ ಕ್ಯಾಲ್ಸಿಯಂ ಅಂಶ ಇದನ್ನು ಹೆಚ್ಚಿಸುತ್ತದೆ ಎಂದು ಗೊತ್ತಾಗಿ, ಅದನ್ನು ಕಡಿಮೆ ಮಾಡಿ ಮೆಗ್ನೀಸಿಯಂ ಸೇರಿಸಿದ ಎಣ್ಣೆಗಳು ಬಂದವು. ಡಬ್ಬದ ಮೇಲೆ ಎಪಿಐ ಎಸ್‌ಎನ್ ಪ್ಲಸ್ ಎಂದೋ, 2020ರ ನಂತರದ ಎಸ್‌ಪಿ ಎಂದೋ ಇದ್ದರೆ ಆ ಪರೀಕ್ಷೆ ದಾಟಿದ ಎಣ್ಣೆ ಎಂದು ಅರ್ಥ. ಎಣ್ಣೆ ಎಷ್ಟೇ ಒಳ್ಳೆಯದಿರಲಿ, ಏರಿನಲ್ಲಿ ಒಂದು ಗೇರ್ ಇಳಿಸಿ ಎಂಜಿನ್ನನ್ನು ಎರಡು ಸಾವಿರದ ಆಸುಪಾಸಿಗೆ ತರುವುದು ನಿಮ್ಮ ಕೈಯಲ್ಲೇ ಇರುವ ಔಷಧ. ಆಟೊಮ್ಯಾಟಿಕ್ ಕಾರುಗಳವರಿಗೆ ಈ ಚಿಂತೆ ಕಡಿಮೆ, ಗೇರ್‌ಬಾಕ್ಸೇ ಇಳಿಸಿಕೊಳ್ಳುತ್ತದೆ.

ಎಣ್ಣೆ ಬದಲಿಸುವ ಲೆಕ್ಕದಲ್ಲಿ ನಮ್ಮ ಕಿಲೋಮೀಟರ್ ಮೀಟರು ಮೋಸ ಮಾಡುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಎಂದು ಪುಸ್ತಕದಲ್ಲಿರುತ್ತದೆ ಎನ್ನಿ. ಹುಬ್ಬಳ್ಳಿ ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 70 ಕಿಲೋಮೀಟರಿನಂತೆ ಓಡುವ ಗಾಡಿಗೆ ಅದು ಸುಮಾರು 143 ಗಂಟೆಯ ದುಡಿಮೆ. ಬೆಂಗಳೂರಿನೊಳಗೆ ಸರಾಸರಿ 20ರಲ್ಲಿ ತೆವಳುವ ಗಾಡಿಗೆ ಅದೇ ಹತ್ತು ಸಾವಿರ ಕಿಲೋಮೀಟರ್ ಅಂದರೆ 500 ಗಂಟೆ. ಎರಡನೆಯ ಗಾಡಿಯ ಎಣ್ಣೆ ಮೂರೂವರೆ ಪಟ್ಟು ಹೆಚ್ಚು ಹೊತ್ತು ಬೆಂದಿರುತ್ತದೆ. ಪುಸ್ತಕವನ್ನು ಸರಿಯಾಗಿ ಓದಿದರೆ ‘ಕಠಿಣ ಬಳಕೆ’ ಎಂಬ ಹೆಸರಿನಲ್ಲಿ ಇಂಥ ದಟ್ಟಣೆಯೂ, ದೂಳೂ, ಚಿಕ್ಕ ಓಡಾಟವೂ ಸೇರಿರುತ್ತದೆ, ಅದಕ್ಕೆ ಬೇರೆಯೇ ಅವಧಿ ಕೊಟ್ಟಿರುತ್ತಾರೆ. ಸಿಟಿಯಲ್ಲೇ ಓಡುವ ಟರ್ಬೊಗೆ ಏಳೆಂಟು ಸಾವಿರಕ್ಕೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸುವುದು ನನ್ನ ದೃಷ್ಟಿಯಲ್ಲಿ ದುಂದಲ್ಲ. ಗ್ರೇಡನ್ನು ಮಾತ್ರ ಪುಸ್ತಕ ಹೇಳಿದ್ದೇ ಇರಲಿ. 0ಡಬ್ಲ್ಯು-20 ಬೇಕೆಂದ ಎಂಜಿನ್ನಿಗೆ ‘ಗಟ್ಟಿ ಎಣ್ಣೆ ಒಳ್ಳೇದು ಸಾರ್’ ಎಂದು 20ಡಬ್ಲ್ಯು-50 ಸುರಿಯುವ ಗ್ಯಾರೇಜುಗಳಿಂದ ದೂರವಿರಿ.

ಡೀಸೆಲಿನವರಿಗೆ ಬೇರೆ ಫಜೀತಿ. ಬಿಎಸ್-6 ಡೀಸೆಲಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚು ಡೀಸೆಲ್ ಸುರಿದು, 600 ಡಿಗ್ರಿಯ ಬಿಸಿ ಹುಟ್ಟಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ಹೆದ್ದಾರಿಯ ಓಟ ಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಎರಡು ಕಿಲೋಮೀಟರಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ, ಸುಡದ ಡೀಸೆಲ್ ಎಣ್ಣೆಗೆ ಇಳಿದು ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಖುಷಿಪಡಬೇಡಿ, ಅದು ತೆಳುವಾದ ಎಣ್ಣೆ. ದಿನವೂ ಅಷ್ಟೇ ದೂರ ಓಡಿಸುವವರು ಡೀಸೆಲ್ ಕೊಳ್ಳದಿರುವುದೇ ಒಳ್ಳೆಯದು.

ಏರ್ ಫಿಲ್ಟರಿನ ಮಾತು ಚುಟುಕಾಗಿ. ಲಕ್ಷಗಟ್ಟಲೆ ಸುತ್ತು ತಿರುಗುವ ರೆಕ್ಕೆಗೆ ಮರಳಿನ ಕಣವೂ ಗುಂಡೇಟೇ. ಗಣಿದೂಳಿನ ಸಂಡೂರು, ಹೊಸಪೇಟೆಯ ಕಡೆಯವರು ಪುಸ್ತಕದ ಅವಧಿಗೆ ಕಾಯದೆ ಬದಲಿಸಬೇಕು. ಹಳೇ ಮೈಸೂರಿನ ಕಡೆ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆ ಮಾಡುವ ತಿಂಗಳುಗಳಲ್ಲಿ ದೂಳು ಒಂದು ಭಯವಾದರೆ, ಗಾಡಿಯಡಿ ಸುತ್ತಿಕೊಂಡ ಹುರುಳಿ ಸೊಪ್ಪು ಬಿಸಿ ಹೊಗೆಕೊಳವೆಗೆ ತಾಗಿ ಹೊತ್ತಿಕೊಳ್ಳುವುದು ಇನ್ನೂ ದೊಡ್ಡ ಭಯ. ಸುತ್ತುದಾರಿ ಇದ್ದರೆ ಹಿಡಿಯಿರಿ.

ಕೆಟ್ಟ ಟರ್ಬೊವನ್ನು ಬಿಚ್ಚುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಬೇಕು. ಮೆಕ್ಯಾನಿಕ್ ರಬ್ಬರ್ ಹೋಸ್ ಕಳಚಿ, ಬೆರಳೆರಡರಿಂದ ದಂಡದ ತುದಿಯ ನಟ್ಟು ಹಿಡಿದು ಅಲುಗಾಡಿಸುತ್ತಾನೆ. ಪಕ್ಕಕ್ಕೆ ಒಂದಿಷ್ಟು ಅಲುಗಿದರೆ ಪರವಾಗಿಲ್ಲ, ಎಣ್ಣೆಯ ಪದರಕ್ಕೆಂದು ಬಿಟ್ಟ ಜಾಗ ಅದು. ಹಿಂದೆ ಮುಂದೆ ಟಕ್ಕೆಂದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದರೆ ಕತೆ ಮುಗಿದಂತೆ. ಆಮೇಲೆ ಎಣ್ಣೆಯ ಕೊಳವೆಯ ಬೋಲ್ಟು ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ. ಸೂಜಿ ಹೋಗುವಷ್ಟು ತೂತು, ಸುತ್ತ ಕಪ್ಪು ಕರಕಲು. ಇಂಥ ಒಂದು ಸಂದರ್ಭದಲ್ಲಿ ಹಿರಿಯ ಮೆಕ್ಯಾನಿಕ್ಕೊಬ್ಬರು ಗಾಡಿಯವನಿಗೆ ಹೇಳಿದ ಮಾತಿನಲ್ಲಿ ಎಲ್ಲ ಇತ್ತು: ‘ಟರ್ಬೊ ಹೋಗಿಲ್ಲ ಸಾರ್, ಆಯಿಲ್ ಹೋಗಿರೋದು. ಇದು ಅದರ ಹಿಂದೆ ಹೋಗಿದೆ.’ ಆ ಕೊಳವೆ ಬದಲಿಸದೆ, ಸಂಪ್ ತೊಳೆಯದೆ ಹತ್ತಾರು ಸಾವಿರ ಕೊಟ್ಟು ಹೊಸ ಟರ್ಬೊ ಕೂರಿಸಿದರೆ ಅದೂ ಕೆಲವೇ ದಿನದಲ್ಲಿ ಅದೇ ದಾರಿ ಹಿಡಿಯುತ್ತದೆ.

ಲಕ್ಷಣಗಳು ಮೊದಲೇ ಕಾಣುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಇಲ್ಲದ ಸೀಟಿಯಂಥ ಸದ್ದು, ಐಡಲಿನಿಂದ ಎಬ್ಬಿಸಿದಾಗ ನೀಲಿ ಹೊಗೆ, ಸರ್ವಿಸುಗಳ ನಡುವೆ ಎಣ್ಣೆ ಇಳಿಯುವುದು, ಏರಿನಲ್ಲಿ ಪಿಕಪ್ ಬಿದ್ದುಹೋಗುವುದು. ಹೋಸ್ ಸಡಿಲವಾಗಿದ್ದರೂ ಇವುಗಳಲ್ಲಿ ಕೆಲವು ಕಾಣುವುದರಿಂದ ಮೊದಲು ಅದನ್ನು ನೋಡಿಸಿ. ಡೀಸೆಲಿನಲ್ಲಿ ಒಂದು ಅಪರೂಪದ ಅಪಾಯ ಇದೆ. ಟರ್ಬೊದ ಸೀಲು ಪೂರ್ತಿ ಹರಿದರೆ ಎಂಜಿನ್ ತನ್ನ ಎಣ್ಣೆಯನ್ನೇ ಹೀರಿ ಉರಿಸತೊಡಗುತ್ತದೆ, ಸುತ್ತು ಏರುತ್ತಲೇ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗಾಡಿಯಾದರೆ ನಿಂತ ಮೇಲೆ ಬ್ರೇಕನ್ನು ಬಲವಾಗಿ ಹಿಡಿದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಕೊಲ್ಲಬೇಕು. ಆಗದಿದ್ದರೆ ಇಳಿದು ದೂರ ಹೋಗಬೇಕು, ಬಾನೆಟ್ ಎತ್ತಿ ಇಣುಕಬಾರದು.

ಹಳೆಯ ಟರ್ಬೊ ಕಾರು ಕೊಳ್ಳಲು ಹೊರಟವರು ಬಣ್ಣ, ಟಯರು, ಮ್ಯೂಸಿಕ್ ಸಿಸ್ಟಮ್ಮು ಆಮೇಲೆ ನೋಡಲಿ. ಮೊದಲು ಎಣ್ಣೆ ತುಂಬುವ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಡಿ. ಕಂದು ಬಣ್ಣದ ತೆಳು ಲೇಪ ಇದ್ದರೆ ಸಮಾಧಾನ, ಕಪ್ಪು ಮಡ್ಡಿ ಕಂಡರೆ ಬೆಲೆ ಕೇಳುವುದೂ ಬೇಡ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸಿನೊಳಗೆ ಬೆರಳಾಡಿಸಿ. ಜಿಡ್ಡಿನ ತೇವ ಸಹಜ, ಎಣ್ಣೆ ತೊಟ್ಟಿಕ್ಕಬಾರದು. ಆ ಮೇಲೆ ಸರ್ವಿಸ್ ಬಿಲ್ಲುಗಳನ್ನು ಕೇಳಿ ತೆಗೆಸಿಕೊಂಡು, ಒಂದು ಎಣ್ಣೆ ಬದಲಾವಣೆಯಿಂದ ಇನ್ನೊಂದಕ್ಕೆ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್ ಎಂದು ಸಾಲಾಗಿ ಬರೆದುಕೊಳ್ಳಿ. ನಡುವೆ ಒಂದು ವರ್ಷದ ಬಿಲ್ಲು ಕಾಣೆಯಾಗಿದ್ದರೆ, ‘ಅದು ಹೊರಗಡೆ ಮಾಡಿಸಿದ್ದು ಸಾರ್’ ಎಂಬ ಉತ್ತರವನ್ನು ನಂಬಬೇಡಿ. ಆ ಹೊರಗಡೆಯ ಗ್ಯಾರೇಜು ಯಾವುದು ಎಂದು ಕೇಳಿ, ಅಲ್ಲಿಗೇ ಒಂದು ಫೋನ್ ಮಾಡಿ.